ಪಿಸ್ತೂಲಿಗೆ ಹಚ್ಚಿದ ಕುಂಕುಮ

ಈ ಸಲ ಆಯುಧಪೂಜೆಯ ದಿನ ಹೊಲಿಗೆ ಮಶೀನಿಗೆ ಎಣ್ಣೆ ಬಿಟ್ಟು, ಅದೇ ಕೈಯಲ್ಲಿ ಕುಂಕುಮ ಕಲಸಿದೆ. ಎಣ್ಣೆ, ಒದ್ದೆ ಕುಂಕುಮ ಎರಡೂ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಬಟ್ಟಲು ಕೆಳಗಿಟ್ಟು ಕೂತುಬಿಟ್ಟೆ. ಮಗಳು "ಅಮ್ಮಾ, ಆರ್ ಯು ಓಕೆ?" ಎಂದಳು. ಪಕ್ಕದ ಮನೆಯ ಕಾಕು ನೆನಪಾದರು ಅಂದರೆ ಅವಳಿಗೇನು ಗೊತ್ತಾಗಬೇಕು... ಅವಳಿಗೆ ನೆನಪಿರುವುದು ಅವರು ಕೊಡುತ್ತಿದ್ದ ಶೇಂಗಾ ಹೋಳಿಗೆ ಮಾತ್ರ.

ಈ ಪರದೇಶಕ್ಕೆ ಬಂದು ಎರಿನ್ ಮಿಲ್ಸ್ ಬಡಾವಣೆಯಲ್ಲಿ ನಾವು ಬಾಡಿಗೆಗಿದ್ದಾಗ ಬೆಳಗಾವಿ ಕಡೆಯ ಕಾಕಾ, ಕಾಕು ನಮ್ಮ ನೆರೆಯವರು. ಮೈಸೂರಿನವಳಾದ ನನಗೆ ಚಿಕ್ಕಮ್ಮ ಎನ್ನುವ ಬದಲು ಕಾಕು ಎನ್ನಲು ಕಲಿಸಿದವರೂ ಅವರೇ. "ಆಂಟಿ ಅನಬ್ಯಾಡ ತಂಗಿ, ಅಂಗಡ್ಯಾಗ ಕರದಂಗ ಆಗತೈತಿ" ಎಂದಿದ್ದರು. ಕಾಕಾ ಶೂಟಿಂಗ್ ಕ್ಲಬ್ಬಿನ ಹಳೇ ಮೆಂಬರು. ಲೈಸೆನ್ಸು ಗೀಸೆನ್ಸು ಎಲ್ಲ ಸರಿಯಾಗಿತ್ತು. ಅವರ ಪಿಸ್ತೂಲು ಬೇಸ್‌ಮೆಂಟಿನ ಕಬ್ಬಿಣದ ಪೆಟ್ಟಿಗೆಯಿಂದ ಹೊರಗೆ ಬರುತ್ತಿದ್ದದ್ದು ಕ್ಲಬ್ಬಿಗೆ ಹೋಗುವಾಗ, ಇಲ್ಲವೇ ಖಂಡೆ ಪೂಜೆಗೆ. ನಮ್ಮ ಆಯುಧಪೂಜೆಗೆ ಅವರ ಕಡೆ ಹಾಗನ್ನುತ್ತಾರೆ. ಈಳಿಗೆ, ಸುತ್ತಿಗೆ, ಕಾರಿನ ಕೀಲಿಯ ಜೊತೆ ಅದಕ್ಕೂ ಕುಂಕುಮ, ಹೂವು.

ಆಮೇಲೆ ಕಾಕಾಗೆ ಹಿತ್ತಲಲ್ಲಿ ಯಾರೋ ನಿಂತ ಹಾಗೆ ಕಾಣತೊಡಗಿತು. ಕಸ ಕೆದಕಲು ಬರುವ ರಕೂನ್ ಪ್ರಾಣಿಗಳಿಂದ ಬಿನ್ನಿನ ಮುಚ್ಚಳ ಸದ್ದಾದರೆ ಸಾಕು, ಊಟ ಬಿಟ್ಟು ಏಳುತ್ತಿದ್ದರು. "ರಕೂನಿಗೆ ಅಂಜತಾರ ನಮ್ಮನಿಯವರು" ಎಂದು ಕಾಕು ನಗುತ್ತಿದ್ದರು. ಒಂದು ದಿನ ಕಾಕಾ, ಈ ದೊಡ್ಡ ಪಿಸ್ತೂಲು ಕೊಟ್ಟು ಸಣ್ಣದೊಂದು ತಗೊಳ್ಳುತ್ತೇನೆ, "ದಿಂಬಿನ ಬುಡಕ ಹಿಡಸಬೇಕು ನೋಡು" ಎಂದರು. ಅಂದಿನಿಂದ ಕಾಕು ಆ ವಿಷಯಕ್ಕೆ ನಗುವುದನ್ನೇ ಬಿಟ್ಟರು.

ಆಗಿನ್ನೂ ಈ ದೇಶದಲ್ಲಿ ಕೈಪಿಸ್ತೂಲಿನ ಕೊಡುಕೊಳ್ಳುವಿಕೆಗೆ ನಿಷೇಧ ಬಂದಿರಲಿಲ್ಲ. ದಸರೆ, ದೀಪಾವಳಿ ಎರಡೂ ಮುಗಿದ ಮೇಲೆ ಕ್ಲೈನ್‌ಬರ್ಗ್ ದಾರಿಯ ಬಂದೂಕಿನ ಅಂಗಡಿಯೊಂದಕ್ಕೆ ಕಾಕಾ ಹೊರಟರು. ಹೈವೇಯಲ್ಲಿ ಅವರು ಕಾರು ಓಡಿಸುತ್ತಿರಲಿಲ್ಲ. "ನೀ ಸಂಗಾಟ ಹೋಗವಾ" ಎಂದು ಕಾಕು ಕಾರು ಓಡಿಸಲು ನನ್ನನ್ನು ಜೊತೆಗೆ ಕಳಿಸಿದರು.

ಅಂಗಡಿಯವನು ಪಿಸ್ತೂಲು ಖಾಲಿಯಿದೆಯೇ ಎಂದು ಮೊದಲು ನೋಡಿಕೊಂಡ. ನಳಿಗೆಯೊಳಗೆ ಟಾರ್ಚು ಬಿಟ್ಟು ತಲೆದೂಗಿದ. ಮೇಲೆ ಗಟ್ಟಿಯಾಗಿ ಮೆತ್ತಿಕೊಂಡಿದ್ದ ಕುಂಕುಮ ನೋಡಿ ಇದೇನೆಂದ. ಪೂಜೆಯದು, ಒರೆಸಬಾರದು ಎಂದು ಕಾಕಾ ಹೆಮ್ಮೆಯಿಂದಲೇ ಹೇಳಿದರು. ಅವನು ಎಣ್ಣೆಬಟ್ಟೆಯಲ್ಲಿ ಒರೆಸಿದ. ಕೆಳಗೆ ಉಕ್ಕು ಸಿಡುಬಿನ ಮುಖದ ಹಾಗೆ ಗುಳಿಬಿದ್ದು, ತುಕ್ಕು ಅಂಚಿನವರೆಗೂ ಹರಿದಿತ್ತು. ನಳಿಗೆ ಚೆನ್ನಾಗಿದ್ದರೇನು, ಇದಕ್ಕೆ ಅರ್ಧ ಬೆಲೆಯೂ ಬರುವುದಿಲ್ಲ ಎಂದ. ಅಷ್ಟರಲ್ಲಿ ಕಾಕಾ ಗಾಜಿನ ಮೇಲಿದ್ದ ಸಣ್ಣ ಪಿಸ್ತೂಲನ್ನು ಜಾಕೆಟ್ಟಿನ ಜೇಬಿಗೆ ಹಾಕಿ ಅಳತೆ ನೋಡುತ್ತಿದ್ದರು. ಅಂಗಡಿಯವನು ಕೈಚಾಚಿ ಅದನ್ನು ವಾಪಸು ಇಸಿದುಕೊಂಡ. ವ್ಯಾಪಾರ ಅಲ್ಲಿಗೆ ಮುರಿದುಬಿತ್ತು. ಹಳೆಯದನ್ನೇ ತೆಗೆದುಕೊಂಡು ಕಾರಿಗೆ ಮರಳಿದೆವು.

ಮನೆಗೆ ಬಂದು ಹೇಳಿದರೆ ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಗೊತ್ತಿತ್ತು. ಕುಂಕಮದಾಗ ಉಪ್ಪು ಕಲಸಿದ್ದೆ."

ದೇವರಿಗೆ ಹಚ್ಚುವುದರಲ್ಲಿ ಉಪ್ಪು ಬೆರೆಸುವ ಹೆಂಗಸಲ್ಲ ಅವರು.

"ಫೋನ್ ಮಾಡಿ ಹೇಳಿಬಿಡಿ ಕಾಕೂ, ಪೊಲೀಸರೇ ಬಂದು ತಗೊಂಡು ಹೋಗ್ತಾರೆ."

"ನನ್ನ ಗಂಡನ ತಲಿ ಸರಿ ಇಲ್ಲ ಅಂತ ನಾನ ಹೇಳಲೇನು? ಸಣ್ಣದು ಮನಿಗೆ ಬರಲಿಲ್ಲಲ್ಲ, ಸಾಕು. ದೊಡ್ಡದು ಪೆಟಿಗ್ಯಾಗ ಇರತೈತಿ."

ಆದರೆ ಅದು ಪೆಟ್ಟಿಗೆಯಲ್ಲಿ ಉಳಿಯಲಿಲ್ಲ. ತುಕ್ಕು ತೆಗೆದರೆ ಬೆಲೆ ಬರುತ್ತದೆ ಎಂದು ಕಾಕಾ ದಿನಾ ಅದನ್ನು ಅಡುಗೆಮನೆಯ ಟೇಬಲ್ಲಿಗೆ ತಂದು ಉಜ್ಜತೊಡಗಿದರು. ಚಳಿಗಾಲವಿಡೀ ಉಜ್ಜಿದರು. ಕಾಕು ಪಕ್ಕದಲ್ಲೇ ಸೊಪ್ಪು ಸೋಸುತ್ತಿದ್ದರು. ಮತ್ತೆ ಹೇಳಿ ನೋಡಿದೆ... ಅವರು ಮಾತು ಬದಲಿಸಿದರು.

ಬೇಸಿಗೆಯ ಒಂದು ಮಧ್ಯಾಹ್ನ ಕಾಕು ಹಿತ್ತಲಲ್ಲಿ ಮೆಂತ್ಯ ಕಿತ್ತುಕೊಂಡು ಹಿಂಬಾಗಿಲಿಂದ ಒಳಗೆ ಹೋದರು. ಪಿಸ್ತೂಲಿಗೆ ಗುಂಡು ತುಂಬಿಕೊಂಡು ಟೇಬಲ್ಲಿನ ಮುಂದೆ ಕೂತಿದ್ದ ಕಾಕಾಗೆ ಬಂದದ್ದು ಹೆಂಡತಿ ಎಂದು ತಿಳಿಯಲಿಲ್ಲ. ನಾನು ಆ ಸದ್ದು ಕೇಳಿ ಯಾರದೋ ಕಾರಿನ ಟೈರು ಒಡೆಯಿತು ಅಂದುಕೊಂಡೆ.

ಕಾಕುವಿನಷ್ಟು ಪ್ರೀತಿಯಿಂದ ನನಗೆ ಬೈದವರು ಈ ಊರಲ್ಲಿ ಇನ್ಯಾರೂ ಸಿಕ್ಕಿಲ್ಲ. ಕಾಕಾ ಈಗ ಆಸ್ಪತ್ರೆಯ ಬೀಗ ಹಾಕಿದ ವಾರ್ಡೊಂದರಲ್ಲಿದ್ದಾರೆ. ಸಿಟ್ಟು ಹೋಗಿಲ್ಲ, ಆದರೂ ನೋಡಲು ಹೋಗುತ್ತೇನೆ. ಕಾಕು ಇದ್ದಿದ್ದರೆ ಹೋಗು ಅನ್ನುತ್ತಿದ್ದರು. ಹೋದ ವಾರ ಹೋದಾಗ ಕಾಕಾ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಆಕಿ ಇನ್ನೂ ಬಂದಿಲ್ಲ ತಂಗಿ. ಮುಂದಿನ ಬಾಗಲದಿಂದ ಬಾ ಅಂತ ಹೇಳು. ಹಿತ್ತಲದಾಗ ಒಬ್ಬಾವ ನಿಂತಿರತಾನ."

"ಹೇಳ್ತೀನಿ ಕಾಕಾ" ಎಂದೆ.