ಹಳದಿ ಗಿಡದ ಬೇರು

ಮೊರಬದ ಖಾದರಬಿಗೆ ಐವತ್ತು ದಾಟಿದೆ. ಹನ್ನೆರಡನೆಯ ವಯಸ್ಸಿನಿಂದಲೂ ಎರೆ ಹೊಲದಲ್ಲಿ ಕೂಲಿ ಮಾಡಿದವಳು. ಕಡಲೆಯ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ, ಉಗುರಿನಿಂದ ಒತ್ತಿದರೆ ಒಳಗೆ ಕೆಂಪಗಿರುತ್ತವೆ ಎನ್ನುವುದು ಅವಳಿಗೆ ಶಾಲೆಯ ಮುಖ ನೋಡದೆಯೇ ಗೊತ್ತಿತ್ತು.

ಮೂರು ವರ್ಷದ ಹಿಂದೆ ಧಾರವಾಡದ ಸಂಶೋಧಕಿ ಸುನಿತಾ, ಊರಿನ ಮಡಿವಾಳೆಪ್ಪನ ಹೊಲದಲ್ಲಿ ಹಲವು ಬಗೆಯ ಕಡಲೆ ಬಿತ್ತಿಸಿದ್ದಳು. ಗೊಬ್ಬರ ಹಾಕಬಾರದೆಂದು ಹೇಳಿ ಹೋಗಿದ್ದಳು. ಒಂದು ಬೆಳಿಗ್ಗೆ ಕುಡಿ ಚಿವುಟುತ್ತಿದ್ದ ಖಾದರಬಿಗೆ ಒಂದು ಸಾಲಿನಲ್ಲಿ ಐದು ಗಿಡಗಳು ಹಳದಿ ತಿರುಗಿದ್ದು ಕಾಣಿಸಿತು.

"ರೋಗ ಬಂದಾವು. ಕಿತ್ತ ಒಗಿ ಬೇ," ಎಂದ ಮಡಿವಾಳೆಪ್ಪ.

"ತಡೀರಿ ಕಾಕಾ, ಒಂದರ ಬೇರ ನೋಡತೀನಿ."

ಅವಳು ಒಂದು ಗಿಡವನ್ನು ಮಣ್ಣಿನ ಹೆಂಟೆ ಸಮೇತ ಅಗೆದು, ಬಕೆಟ್ ನೀರಿನಲ್ಲಿ ನೆನೆಸಿ ತೊಳೆದಳು. ಬೇರಿನ ತುಂಬ ಗಂಟುಗಳಿದ್ದವು. ಒಡೆದರೆ ಒಳಗೆ ಬರೀ ಬಿಳಿ. ಬಾಜೂ ಸಾಲಿನ ಹಸಿರು ಗಿಡದಲ್ಲಿ ಎಂದಿನಂತೆ ಕೆಂಪು. ಉಳಿದ ನಾಲ್ಕು ಗಿಡಗಳ ಪಕ್ಕ ಕಡ್ಡಿ ಚುಚ್ಚಿ, ಮುಟ್ಟಬೇಡಿರೆಂದು ಜೊತೆಯ ಕೂಲಿ ಹೆಂಗಸರಿಗೆ ಹೇಳಿ, ಸುನಿತಾಗೆ ಫೋನ್ ಮಾಡಿಸಿದಳು.

ಮರುದಿನವೇ ಬಂದ ಸುನಿತಾ ಗಂಟು ಒಡೆದು ನೋಡಿ ಅಲ್ಲೇ ಕುಳಿತುಬಿಟ್ಟಳು. "ಎರಡು ವರ್ಷದಿಂದ ಇದನ್ನ ಹುಡುಕಾಕತ್ತಿದ್ನೆವ್ವಾ!"

"ಕೆಟ್ಟ ಗಿಡಾ ಯಾಕ ಬೇಕ್ರಿ ನಿಮಗ?"

"ಗಂಟಿನ್ಯಾಗ ಬ್ಯಾಕ್ಟೀರಿಯಾ ಇರತಾವ. ಗಾಳ್ಯಾಗಿನ ಸಾರಜನಕ ಹಿಡದು ಗಿಡಕ್ಕ ಕೊಡತಾವ. ಬೇರು ಒಂದ ನಮೂನಿ ಪೆಪ್ಟೈಡ್ ಮಾಡತದ. ಅಂದ್ರ ಪ್ರೋಟೀನಿನ ಸಣ್ಣ ಎಳಿ, ಗಂಧಕದ ಕೊಂಡಿ ಹಾಕಿ ಮಡಚಿದ್ದು. ಅದು ಆ ಬ್ಯಾಕ್ಟೀರಿಯಾ ಮರಿ ಹಾಕೂದು ನಿಲ್ಲಿಸಿ, ದುಡಿಯಾಕ ಹಚ್ಚತದ. ಈ ಗಿಡದಾಗ ಅಂಥಾದೊಂದು ಪೆಪ್ಟೈಡ್ ಇಲ್ಲೇನೋ ಅಂತ ನನ್ನ ಅನುಮಾನ."

ಖಾದರಬಿ ನಕ್ಕಳು. "ಕರದು ಉಣ್ಣಾಕ ಹಾಕತದ, ಮನಿತುಂಬ ಮಕ್ಕಳ ಮಾಡಾಕ ಬಿಡಂಗಿಲ್ಲ ಅನ್ರಿ!"

ಪ್ರಯೋಗಾಲಯದಲ್ಲಿ ಅನುಮಾನ ನಿಜವಾಯಿತು. ಸಾರಜನಕದ ಗೊಬ್ಬರವಾದ ಯೂರಿಯಾ ಕೊಟ್ಟಾಗ ಹಳದಿ ಗಿಡಗಳು ಹಸಿರಾಗಿ ಬೀಜ ಕಟ್ಟಿದವು. ಮುಂದಿನ ಹಂಗಾಮಿನಿಂದ ಪ್ರಯೋಗದ ಸಾಲುಗಳ ಉಸ್ತುವಾರಿ ಖಾದರಬಿಯದೇ. ಸುನಿತಾಳ ವಿದ್ಯಾರ್ಥಿಗಳು ಗಿಡ ಹಿಡಿದು ಜಗ್ಗಿದರೆ, "ಜಗ್ಗಬ್ಯಾಡ್ರಿ, ಗಂಟೆಲ್ಲಾ ಮಣ್ಣಾಗ ಉಳೀತಾವ," ಎಂದು ಗದರಿಸುತ್ತಾಳೆ. ಅವರು ಅವಳ ಮಾತು ಕೇಳುತ್ತಾರೆ.

ಕಳೆದ ಫೆಬ್ರವರಿಯಲ್ಲಿ ಸುನಿತಾ ಅವಳನ್ನು ಧಾರವಾಡಕ್ಕೆ ಕರೆಸಿಕೊಂಡಳು. ಗಾಜಿನ ತಟ್ಟೆಯಲ್ಲಿ ಮನುಷ್ಯರಿಗೆ ರೋಗ ತರುವ ಬ್ಯಾಕ್ಟೀರಿಯಾ ಮೊಸರಿನ ಕೆನೆಯಂತೆ ಹರಡಿತ್ತು. ಹಳದಿ ಗಿಡದಲ್ಲಿ ಇಲ್ಲದಿದ್ದ ಅದೇ ಪೆಪ್ಟೈಡಿನ ಹನಿ ಬಿದ್ದಲ್ಲಿ ಮಾತ್ರ ದುಂಡಗೆ ತಿಳಿಯಾಗಿತ್ತು.

"ಇಲ್ಲಿ ಎಲ್ಲಾ ಸತ್ತಾವೇನ್ರಿ?"

"ಸತ್ತಾವ. ಔಷಧಿ ಆಗಾಕ ಇನ್ನೂ ಭಾಳ ದೂರ ಐತಿ, ಆಗದೇನೂ ಇರಬಹುದು."

"ಆಗದಿದ್ರೂ ಇರಲಿ ಬಿಡ್ರಿ, ಕಣ್ಣಿಲೆ ನೋಡಿದ್ನಲ್ಲ."

ಸಂಜೆ ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತ ಹೆಂಗಸಿಗೆ ಅವಳು ಇದನ್ನೆಲ್ಲ ವಿವರಿಸುತ್ತಾ ಬಂದಳು. ಮೊರಬ ಬಂದದ್ದೂ ತಿಳಿಯಲಿಲ್ಲ; ಕಂಡಕ್ಟರ್ ಎರಡು ಸಲ ಕೂಗಿ ಇಳಿಸಬೇಕಾಯಿತು.