ಆಡು ತಿಂದ ನಾಲ್ಕು ಸಾಲು

ಹೊಸ ಕುಕ್ಕರಿನ ಡಬ್ಬಿಯೊಳಗೆ ಒಂದು ಸಣ್ಣ ಪುಸ್ತಕ ಇರುತ್ತದೆ. ಲೋಕದಲ್ಲಿ ಯಾರೂ ಅದನ್ನು ಓದುವುದಿಲ್ಲವೆಂಬ ಭರವಸೆಯಿಂದಲೇ ಕಂಪನಿಯವರು ಅಷ್ಟು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿಸುತ್ತಾರೆಂದು ಕಾಣುತ್ತದೆ. ಆದರೆ ನಾನು ಓದಿದ್ದೇನೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಗಟ್ಟಿಯಾಗಿ, ಹನ್ನೊಂದು ಜನ ಕುಳಿತು ಕೇಳುತ್ತಿರುವಾಗ. ನಮ್ಮ ಮನೆತನದಲ್ಲಿ ಮೊಟ್ಟಮೊದಲು ಪದವಿ ಪಡೆದವಳು ನಾನು. ನಿಮ್ಮಲ್ಲಿ ಯಾರಾದರೂ ಈ ಪಟ್ಟಕ್ಕೇರಿದ್ದರೆ ಬಿಡಿಸಿ ಹೇಳಬೇಕಾಗಿಲ್ಲ: ಘಟಿಕೋತ್ಸವದಲ್ಲಿ ನಮ್ಮ ಕೈಗೆ ಬರುವುದು ಒಂದೇ ಒಂದು ಪ್ರಮಾಣಪತ್ರ, ಮನೆಗೆ ಬರುವ ಸಮಸ್ತ ಪತ್ರಗಳೂ ಅದರ ಬೆನ್ನು ಹತ್ತಿ ನಮ್ಮ ಪಾಲಿಗೇ ಬಂದು ಬೀಳುತ್ತವೆ.

ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಭಾನುವಾರ ಬಂತೆಂದರೆ ಕಮಲಾಪುರದ ಬಸ್ಸು ಹತ್ತಿ ಅಣ್ಣ ಶರಣಪ್ಪನ ಮನೆಗೆ ಹೋಗುತ್ತೇನೆ. ಅವನು ಕೆಂಪು ಬಾಳೆ ಬೆಳೆಯುತ್ತಾನೆ. ವಾರವಿಡೀ ಬಂದ ಕಾಗದಗಳನ್ನು ಗೋಡೆಯ ಗೂಡಿನಲ್ಲಿ ನನಗಾಗಿ ಒಟ್ಟಿರುತ್ತಾನೆ: ಲಗ್ನಪತ್ರಿಕೆ, ಕಚೇರಿಯ ನೋಟೀಸು, ಬಾಳೆಗೆ ಹೊಡೆಯುವ ಔಷಧಿಯ ಚೀಟಿ. ನಾನು ಕನ್ನಡಕ ಏರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಲಗ್ನಪತ್ರಿಕೆಯ ಮೇಲಿನ ದೇವರಿಂದ ಹಿಡಿದು ಕೆಳಗಿನ ಮುದ್ರಣಾಲಯದವರೆಗೆ ಒಂದಕ್ಷರ ಬಿಡದೆ ಓದುತ್ತೇನೆ. ಒಳಗೆ ರೊಟ್ಟಿ ಬಡಿಯುತ್ತಿರುವ ವೈನಿ, ಎಂದರೆ ನನ್ನ ಅತ್ತಿಗೆ, ಅಲ್ಲಿಂದಲೇ ಕೂಗುತ್ತಾಳೆ: “ಜರಾ ಲಗೂನ ಓದ್ರಿ ಟೀಚರ್ರ. ನೀವ್ ಮುಗಸೂದ್ರಾಗ ಮದುಮಕ್ಳಿಗೆ ಕೂಸು ಹುಟ್ಟಿರ್ತದ!”

ಈ ಚುಚ್ಚುಮಾತಿಗೆಲ್ಲ ನಾನು ಕುಗ್ಗುವವಳಲ್ಲ. ಕಷ್ಟಪಟ್ಟು ಗಳಿಸಿದ ಓದಿನ ಬಗ್ಗೆ ಸ್ವಲ್ಪ ಜಂಬ ಇಟ್ಟುಕೊಳ್ಳುವುದು ತಪ್ಪಲ್ಲವೆಂಬುದು ನನ್ನ ಸಿದ್ಧಾಂತ. ಆ ಜಂಬಕ್ಕೆ ಒಂದು ಸುಂದರವಾದ ಕಥೆಯ ಆಧಾರವೂ ಇತ್ತು. ಅಪ್ಪನಿಗೆ ಇಬ್ಬರನ್ನೂ ಓದಿಸುವ ತ್ರಾಣವಿರಲಿಲ್ಲ. ಆಗ ಐದನೆಯ ತರಗತಿಯಲ್ಲಿದ್ದ ಅಣ್ಣ ತಾನಾಗಿಯೇ ಶಾಲೆ ಬಿಟ್ಟು, ತಂಗಿಯನ್ನು ಓದಿಸಿರೆಂದು ಹೇಳಿ ಹೊಲಕ್ಕೆ ಹೋದ. ಈ ಕಥೆಯನ್ನು ನಾನು ಶಾಲೆಯ ವಾರ್ಷಿಕೋತ್ಸವದಲ್ಲಿ ಹೇಳಿದ್ದೇನೆ, ಗೃಹಪ್ರವೇಶಗಳಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರಿಗೂ ಹೇಳಿ ಅವರು ಕಣ್ಣು ಒರೆಸಿಕೊಳ್ಳುವಂತೆ ಮಾಡಿದ್ದೇನೆ. ಅಣ್ಣನ ಎದುರಿಗೆ ಹೇಳತೊಡಗಿದರೆ ಮಾತ್ರ ಅವನು ನೀರು ಕುಡಿಯಲೆಂದು ಎದ್ದು ಹೋಗುತ್ತಿದ್ದ. ಎಂಥ ವಿನಯವಂತ ಎಂದು ನನಗೆ ಇನ್ನಷ್ಟು ಹೆಮ್ಮೆಯಾಗುತ್ತಿತ್ತು.

ನಮ್ಮಂಥ ಮನೆಗಳಲ್ಲಿ ಒಂದು ಪದ್ಧತಿ ಇದೆ. ಬೀಗರು ನೆಂಟರು ಬಂದಾಗ ಮಕ್ಕಳನ್ನು ಕರೆದು ಪುಸ್ತಕ ಕೊಟ್ಟು ಓದಿಸುವುದು. ಹಾಡು ಕುಣಿತಗಳ ಪ್ರದರ್ಶನ ಅಕ್ಷರಸ್ಥರ ಮನೆಗಳಿಗೆ. ಹೊಸದಾಗಿ ಅಕ್ಷರ ಕಂಡ ಮನೆಗಳಿಗೆ ಓದೇ ದೊಡ್ಡ ಕಲೆ. ಅಣ್ಣನ ಮಗಳು ಅಂಬಿಕಾ ಈ ಕಲೆಯಲ್ಲಿ ನಿಪುಣೆ ಎನಿಸಿದ್ದಳು. ಎಂಟನೆಯ ತರಗತಿಯಲ್ಲಿದ್ದಾಗ ಒಂದು ಭಾನುವಾರ ನೆಂಟರೆದುರು ಕನ್ನಡ ಪಾಠವನ್ನು ನದಿ ಹರಿದಂತೆ ಓದಿದಳು. ನಾನು ಅಭಿಮಾನದಿಂದ ಅವಳ ಹಿಂದೆ ನಿಂತು ಪುಸ್ತಕಕ್ಕೆ ಬಗ್ಗಿದೆ. ಆ ಪುಟದ ಕೆಳಭಾಗವನ್ನು ಮನೆಯ ಆಡಿನ ಮರಿ ಯಾವಾಗಲೋ ತಿಂದು ಹಾಕಿತ್ತು. ಅಂಬಿಕಾ ಆ ಹರಕಿನ ಬಳಿ ಬಂದಳು, ನಿಲ್ಲಲಿಲ್ಲ. ಆಡಿನ ಹೊಟ್ಟೆಯೊಳಗೆ ಜೀರ್ಣವಾಗಿ ಹೋಗಿದ್ದ ನಾಲ್ಕು ಸಾಲುಗಳನ್ನು ಅಲ್ಪವಿರಾಮ ಪೂರ್ಣವಿರಾಮಗಳ ಸಮೇತ ಓದಿ, ಸರಿಯಾದ ಹೊತ್ತಿಗೆ ಪುಟ ತಿರುವಿದಳು.

“ಇಲ್ಲಿ ಕಾಗದಾನೇ ಇಲ್ಲ. ಏನ್ ಓದಾಕತ್ತೀ?” ಎಂದೆ.

“ಆಡು ತಿಂದದ್ದು ಕಾಗದ, ಅತ್ತಿ. ಪಾಠ ನನ್ನ ಬಲ್ಲಿ ಅದ.”

ನೆಂಟರು ನಕ್ಕರು. ನಾನು ನಗಲಿಲ್ಲ. ಅವರು ಹೋದ ಮೇಲೆ ಬೇರೊಂದು ಪುಸ್ತಕ ಕೊಟ್ಟು ಓದೆಂದೆ. ಆ ಹುಡುಗಿ ಒಂದು ಸಾಲಿನೊಳಗೆ ಮೂರು ಕಡೆ ಎಡವಿದಳು. ಇಷ್ಟು ವರ್ಷ ಗೆಳತಿಯರಿಂದ ಪಾಠಗಳನ್ನು ಎರಡೆರಡು ಸಲ ಓದಿಸಿಕೊಂಡು, ಕೇಳಿಯೇ ಕಂಠಪಾಠ ಮಾಡಿ, ಯಾವ ಪುಟದ ಮಾತು ಎಲ್ಲಿ ಮುಗಿಯುತ್ತದೆಂಬುದನ್ನೂ ನೆನಪಿಟ್ಟುಕೊಂಡಿದ್ದಳು. ಅಷ್ಟು ಶ್ರಮ ನಾನು ನನ್ನ ಪದವಿಗೂ ಪಟ್ಟಿರಲಿಲ್ಲ. ಆದರೆ ಆ ಕ್ಷಣ ನನ್ನ ಬಾಯಿಂದ ಬಂದ ಮಾತನ್ನು ಬರೆಯಲೇಬೇಕು, ಏಕೆಂದರೆ ಹಾಗೆ ಅಂದದ್ದಕ್ಕೆ ಇಂದಿಗೂ ನಾಚುತ್ತೇನೆ: “ಮೈಗಳ್ಳಿ! ಇಷ್ಟು ದಿನ ಮೋಸ ಮಾಡಿದೇನು ನಮಗ?”

ಅಂಬಿಕಾ ಅಳಲಿಲ್ಲ. “ಅಕ್ಷರ ನಿಂದ್ರಂಗಿಲ್ಲ ಅತ್ತಿ. ಮುಂದಿಂದು ಹಿಡಿಯೂದ್ರಾಗ ಹಿಂದಿಂದು ಓಡಿ ಹೋಗಿರ್ತದ,” ಎಂದಳು.

ಡಿಸ್ಲೆಕ್ಸಿಯಾ ಎಂಬ ಶಬ್ದವನ್ನು ನಾನು ಕೇಳದವಳಲ್ಲ. ಶಿಕ್ಷಕರ ತರಬೇತಿಯೊಂದರಲ್ಲಿ ಅದರ ಮೇಲೆ ಒಂದು ಗಂಟೆ ಪಾಠವಾಗಿತ್ತು. ಅದೇನೋ ದೊಡ್ಡ ಊರಿನ ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಬರುವ ನಾಜೂಕಿನ ಕಾಯಿಲೆ ಎಂದುಕೊಂಡು ನಾನು ಬಿಸ್ಕತ್ತು ಚಹಾದ ಕಡೆ ಗಮನ ಹರಿಸಿದ್ದೆ. ಅಂಬಿಕಾಳ ಮಾತು ಕೇಳಿದ ಮೇಲೆ ಆ ಬಿಸ್ಕತ್ತು ಈಗ ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು. ಕಲಬುರಗಿಯಲ್ಲಿ ಇಂಥ ಮಕ್ಕಳನ್ನು ಪರೀಕ್ಷಿಸುವ ಒಬ್ಬ ವೈದ್ಯೆಯನ್ನು ಹುಡುಕಿ, ಅಂಬಿಕಾಳ ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಅಣ್ಣನಿಗೆ ಸುಳ್ಳು ಹೇಳಿ, ಅವಳನ್ನು ಕರೆದುಕೊಂಡು ಹೋದೆ.

ವೈದ್ಯೆ ಎರಡು ದಿನ ಅವಳ ಜೊತೆ ಕುಳಿತು ಓದಿಸಿದರು, ಬರೆಸಿದರು, ಚಿತ್ರ ಜೋಡಿಸಲು ಹಚ್ಚಿದರು. “ಭಾಳ ಶಾಣ್ಯಾ ಹುಡುಗಿ ಅದಾಳ್ರಿ,” ಎಂದೇ ಮಾತು ಶುರುಮಾಡಿದರು. ಕಣ್ಣಲ್ಲಿ ದೋಷವಿಲ್ಲ, ಬುದ್ಧಿಯಲ್ಲಿ ಕೊರತೆಯಿಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಅಕ್ಷರವನ್ನು ದನಿಗೆ ಜೋಡಿಸುವ ಕೆಲಸ ಅವಳ ಮಿದುಳಿಗೆ ಕಷ್ಟವಾಗುತ್ತದೆ, ಅಷ್ಟೇ. ಗುಳಿಗೆಯಿಂದ ಹೋಗುವಂಥದ್ದಲ್ಲ, ಬೈಗುಳದಿಂದ ಇನ್ನೂ ಅಲ್ಲ. ಬೇರೆ ರೀತಿ ಕಲಿಸಿದರೆ, ಹೆಚ್ಚು ಸಮಯ ಕೊಟ್ಟರೆ ಓದು ಬರುತ್ತದೆ, ನಿಧಾನವಾಗಿ ಬರುತ್ತದೆ. ಇಷ್ಟನ್ನು ಹೇಳಿ ಕೊನೆಗೆ ಕೇಳಿದರು: “ಮನ್ಯಾಗ ಮತ್ಯಾರಿಗಾದ್ರೂ ಹಿಂಗ ಇತ್ತೇನ್ರಿ?”

“ಇಲ್ರಿ,” ಎಂದೆ ಘನತೆಯಿಂದ. “ನಮ್ಮಣ್ಣ ಅರ್ಧಕ್ಕ ಸಾಲಿ ಬಿಟ್ಟಾನ, ಖರೇ. ಆದ್ರ ಅದು ನನ್ನ ಸಲುವಾಗಿ.” ಕಥೆಯನ್ನು ಪೂರ್ತಿ ಹೇಳಿದೆ. ಅವರು ಕಣ್ಣು ಒರೆಸಿಕೊಳ್ಳಲಿಲ್ಲ, ಏನನ್ನೋ ಬರೆದುಕೊಂಡರು.

ಅಲ್ಲಿಂದ ಎರಡು ವರ್ಷ, ಭಾನುವಾರದ ಕಾಗದಗಳ ಓದು ಮುಗಿದ ಮೇಲೆ, ವೈದ್ಯೆ ಹೇಳಿಕೊಟ್ಟ ಹಾಗೆ ನಾನು ಅಂಬಿಕಾಳಿಗೆ ಕಲಿಸಿದೆ. ಮರಳಲ್ಲಿ ಬರೆಸಿದೆ, ತಾಳ ಹಾಕಿಸಿದೆ, ಒಂದೊಂದು ದನಿಯನ್ನೂ ಬಿಡಿಸಿ ಕೂಡಿಸಿದೆ. ಹುಡುಗಿ ಹತ್ತನೆಯ ತರಗತಿಗೆ ಬಂದಳು. ದೊಡ್ಡ ಪರೀಕ್ಷೆಯಲ್ಲಿ ಅವಳಿಗೆ ಹೆಚ್ಚಿನ ಸಮಯ ಕೊಡಿಸಬಹುದಿತ್ತು. ಅರ್ಜಿಗೆ ತಂದೆಯ ಸಹಿ ಬೇಕಿತ್ತು, ಸೋಮವಾರವೇ ಶಾಲೆಗೆ ಮುಟ್ಟಿಸಬೇಕಿತ್ತು. ಕಣ್ಣು ತೋರಿಸಿದ ಸುಳ್ಳು ಎಂದೋ ಬಯಲಾಗಿತ್ತು. ನಾನು ಕಲಿಸುವುದನ್ನು ಅಣ್ಣ ದೂರದಿಂದ ನೋಡುತ್ತ ಸುಮ್ಮನಿದ್ದ. ಆದರೆ ಅರ್ಜಿ ಕಂಡದ್ದೇ ತಡ, ಮುಖ ತಿರುಗಿಸಿದ.

“ಕಾಗದದ ಮ್ಯಾಲ ಹಿಂಗ ಬರಸಿ ಕೊಟ್ರ ನಾಳಿ ಮಂದಿ ಏನಂತಾರ? ದಡ್ಡಿ ಅಂತ ಸಿಕ್ಕಾ ಹೊಡದಂಗ ಆಗ್ತದ. ನಾ ಸಹಿ ಹಾಕಂಗಿಲ್ಲ.”

ಬಾಗಿಲಲ್ಲಿ ನಿಂತಿದ್ದ ಅಂಬಿಕಾ ಶಾಂತವಾಗಿ, “ಹಾಕಬ್ಯಾಡ ಬಿಡಪ್ಪ. ನಾ ಪರೀಕ್ಷಾಕ್ಕ ಹೋಗಂಗಿಲ್ಲ. ನಿನ್ನ ಜೋಡಿ ಬಾಳಿ ತ್ವಾಟಕ್ಕ ಬರ್ತೀನಿ,” ಎಂದಳು.

ಇನ್ನು ಬ್ರಹ್ಮಾಸ್ತ್ರವೇ ಸರಿ ಎಂದುಕೊಂಡೆ. “ತಂಗಿ ಸಲುವಾಗಿ ಸಾಲೀನ ಬಿಟ್ಟಾಂವ, ಮಗಳ ಸಲುವಾಗಿ ಒಂದು ಸಹಿ ಹಾಕಂಗಿಲ್ಲೇನು?”

ಈ ಸಲ ಅಣ್ಣ ನೀರು ಕುಡಿಯಲು ಏಳಲಿಲ್ಲ.

“ಸಾಕ್ ಮಾಡು ತಂಗಿ ಆ ಪುರಾಣ. ಕೇಳಿ ಕೇಳಿ ಸಾಕಾಗ್ಯದ. ನಾ ನಿನ್ನ ಸಲುವಾಗಿ ಸಾಲಿ ಬಿಟ್ಟಿಲ್ಲ. ಬಿಡಾಕ ಒಂದು ನೆಪಾ ಹುಡುಕಾಕತ್ತಿದ್ದೆ, ನೀ ಸಿಕ್ಕಿ.” ನೆಲ ನೋಡುತ್ತ ಮುಂದುವರಿಸಿದ: “ಎಲ್ಲಾರೂ ಓದೂ ಮುಂದ ನಾ ಬರೇ ತುಟಿ ಅಲ್ಲಾಡಸ್ತಿದ್ದೆ. ಮಾಸ್ತರು ಕೋಣ ಅಂತಿದ್ರು. ತಂಗೀನ ಓದಸ್ರಿ, ನಾ ಹೊಲಕ್ಕ ಹೋಗ್ತೀನಿ ಅಂದೆ. ಅಪ್ಪ ತಬ್ಬಿಕೊಂಡು ಅತ್ತ. ಕೋಣ ಇದ್ದಾಂವ ಒಂದ ದಿನದಾಗ ದೇವರಾದೆ. ಆಮ್ಯಾಲ ಖರೇ ಹ್ಯಾಂಗ ಹೇಳ್ಲಿ?”

ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತ್ತು. ಅಂಬಿಕಾ ಬಂದು ಅಪ್ಪನ ಪಕ್ಕ ಕುಳಿತಳು.

“ನಿನಗೂ ಓಡಿ ಹೋಗ್ತಿದ್ವೇನಪ್ಪಾ?”

“ಓಡೂದೇನು, ತ್ವಾಟದಾಗ ಮಂಗ್ಯಾ ಜಿಗದಂಗ ಜಿಗೀತಿದ್ದವು.”

ಮಗಳು ಕಿಲಕಿಲ ನಕ್ಕಳು. ಅಪ್ಪನೂ ನಕ್ಕ. ನನಗೆ ಮಾತ್ರ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂವತ್ತೈದು ವರ್ಷ ನಾನು ಹೆಗಲ ಮೇಲೆ ಹೊತ್ತು ಮೆರೆಸಿದ ತ್ಯಾಗ ಹೀಗೆ ಎರಡು ಮಾತಿನಲ್ಲಿ ಇಳಿದುಹೋಗಿತ್ತು. ಆದರೆ ನೀವೇ ಯೋಚಿಸಿ: ತಾನು ದಡ್ಡನೆಂದು ನಂಬಿದ ಹನ್ನೊಂದು ವರ್ಷದ ಹುಡುಗ, ಶಾಲೆಯಿಂದ ಹೊರಗೆ ಹೋಗುವಾಗ ಬಾಗಿಲನ್ನು ಧಡಾರನೆ ಹಾಕಲಿಲ್ಲ, ತಂಗಿಯನ್ನು ಒಳಗೆ ಕಳಿಸಿ ಹೋದ. ಇದನ್ನು ತ್ಯಾಗವೆನ್ನದಿದ್ದರೂ ಪ್ರೀತಿಯೆನ್ನಲು ಅಡ್ಡಿಯೇನು? ಇನ್ನೊಂದು ಯೋಚನೆ ಅದಕ್ಕಿಂತ ಹೆಚ್ಚು ಕಾಡಿತು. ಅವನಿಗೆ ಹೊಲವೆಂದರೆ ಜೀವ, ಅವಳಿಗೆ ಅಡುಗೆಯೆಂದರೆ ಪ್ರಾಣ, ಇವನು ಚಿಕ್ಕಂದಿನಲ್ಲೇ ದುಡಿಮೆಗೆ ನಿಂತ ಜವಾಬ್ದಾರಿಯ ಮಗ ಎಂದು ಮನೆಮನೆಯಲ್ಲೂ ಹೇಳಿಕೊಳ್ಳುತ್ತೇವಲ್ಲ, ಆ ಒಳ್ಳೆಯ ಮಾತುಗಳ ಅಡಿಯಲ್ಲಿ ಎಷ್ಟು ಮಕ್ಕಳು ಬರೇ ತುಟಿ ಅಲ್ಲಾಡಿಸುತ್ತ ಕುಳಿತಿದ್ದರೋ! ನನ್ನ ತರಗತಿಯಲ್ಲೇ ಎಷ್ಟು ಜನರನ್ನು ನಾನು ಹಾಗೆ ದಾಟಿಕೊಂಡು ಬಂದೆನೋ!

“ಎಲ್ಲಿ, ಕೊಡು ಆ ಕಾಗದ,” ಎಂದ ಅಣ್ಣ. “ಮದಲ ಏನ್ ಬರದದ ಕೇಳ್ತೀನಿ.”

ನಾನು ಕನ್ನಡಕಕ್ಕೆ ಕೈ ಹಾಕಿದೆ.

“ನೀ ಬ್ಯಾಡ. ಅಕಿ ಓದಲಿ.”

ಒಂದೇ ಪುಟದ ಅರ್ಜಿ. ಅಂಬಿಕಾ ಶಬ್ದದ ಕೆಳಗೆ ಬೆರಳಿಟ್ಟು, ದನಿ ದನಿ ಕೂಡಿಸುತ್ತ ಹೊರಟಳು. ಇದು ಬಾಯಿಪಾಠವಾಗಿರಲಿಲ್ಲ, ಈ ಕಾಗದವನ್ನು ಅವಳಿಗೆ ಮೊದಲೇ ಯಾರೂ ಓದಿ ಹೇಳಿರಲಿಲ್ಲ. ಎರಡನೆಯ ಸಾಲಿನಲ್ಲಿ ಒಂದು ಒತ್ತಕ್ಷರದ ಎದುರು ನಿಂತುಬಿಟ್ಟಳು. ಉತ್ತರ ನನ್ನ ನಾಲಗೆಯ ತುದಿಯಲ್ಲಿ ಕುದಿಯಿತು; ಇಪ್ಪತ್ತು ವರ್ಷ ಮೇಷ್ಟ್ರಿಕೆ ಮಾಡಿದವಳಿಗೆ ತುಟಿ ಬಿಗಿದು ಕೂರುವಂಥ ಶಿಕ್ಷೆ ಬೇರೆ ಇಲ್ಲ. ಅಣ್ಣ ಅವಳ ಬೆರಳನ್ನೇ ನೋಡುತ್ತ ಕಾದ. ಶಬ್ದ ಬಂತು. ಮುಂದಿನದೂ ಬಂತು. ವೈನಿ ಹಿಟ್ಟಿನ ಕೈಯಲ್ಲೇ ಹೊರಬಂದು ನಿಂತಳು. ಲಗೂನ ಓದು ಎನ್ನಲಿಲ್ಲ. ಹತ್ತು ನಿಮಿಷವಾಗಿರಬೇಕು, ಅಂಬಿಕಾಳ ಬೆರಳು ಪುಟದ ಕೊನೆಗೆ ಬಂತು. “ಪೋಷಕರ ಸಹಿ” ಎಂದು ಓದಿ ಅಪ್ಪನ ಕೈಗೆ ಪೆನ್ನು ಕೊಟ್ಟಳು.

ಅಣ್ಣನ ಹೆಸರಿನಲ್ಲಿ ನಾಲ್ಕೇ ಅಕ್ಷರ. ಒಂದನ್ನು ಬರೆದ. ಎರಡನೆಯದಕ್ಕೆ ಪೆನ್ನು ಎತ್ತಿ ಹಿಡಿದು ನಿಂತ. ನಾನು ಬಾಯಿ ತೆರೆಯುವಷ್ಟರಲ್ಲಿ ಅಂಬಿಕಾ ನನ್ನ ಮೊಣಕಾಲಿನ ಮೇಲೆ ಮೆಲ್ಲಗೆ ಕೈಯಿಟ್ಟು ತಡೆದಳು.

“ಅವಸರಿಲ್ಲಪ್ಪ,” ಎಂದಳು. “ಟೈಮ್ ಅದ.”