ಬೀಗಿತಿಗೆ ಇಂಗ್ಲಿಷಿನಲ್ಲಿ ಒಂದು ಕಾಗದ

ನಮ್ಮ ದೊಡ್ಡಮ್ಮ ಬಟ್ಟೆ ಹೊಲಿಯುವವರು. ಪೇಟೆಬೀದಿಯ ತಿರುವಿನಲ್ಲಿ ಎರಡು ಮಷಿನ್ ಹಿಡಿಸುವಷ್ಟು ಅಂಗಡಿ. ಒಂದು ಮಷಿನ್ ಇಟ್ಟು, ಇನ್ನೊಂದರ ಜಾಗದಲ್ಲಿ ಊರವರ ಬಟ್ಟೆಯನ್ನೆಲ್ಲ ಒಟ್ಟಿಕೊಂಡಿದ್ದಾರೆ. ಎಲ್ಲಿ ಹರಿದದ್ದು ಕಂಡರೂ ಅವರ ಕೈ ಸುಮ್ಮನಿರುವುದಿಲ್ಲ. ಬಸ್ಸಿನಲ್ಲಿ ಮುಂದೆ ನಿಂತವರ ಅಂಗಿಯಿಂದ ದಾರ ಜೋತಾಡುತ್ತಿದೆ ಎಂದು ಕತ್ತರಿ ಹಾಕಲು ಹೋಗಿ ಬೈಸಿಕೊಂಡಿದ್ದಾರೆ. ಆದರೂ ಬುದ್ಧಿ ಬರಲಿಲ್ಲ.

ಈ ಚಾಳಿಯೇ ಮಗಳ ಮದುವೆಯ ದಿನ ಎಡವಟ್ಟು ಮಾಡಿತು. ಫೋಟೊಕ್ಕೆಂದು ಎರಡೂ ಮನೆಯವರು ಸಾಲಾಗಿ ನಿಂತಿದ್ದರು. ಬೀಗಿತಿಯ ಹೊಸ ಉಡುಪಿನ ತೋಳು ಕಂಕುಳ ಹತ್ತಿರ ಹೊಲಿಗೆ ಬಿಟ್ಟಿದ್ದು ದೊಡ್ಡಮ್ಮನ ಕಣ್ಣಿಗೆ ಬಿತ್ತು. "ಒಂದ್ನಿಮಿಷ" ಎಂದು ಫೋಟೊದವನನ್ನು ತಡೆದು, ಬೀಗಿತಿಯ ಕೈ ಮೇಲೆತ್ತಿಸಿ, ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿದಾರ ತೆಗೆದು ಅಲ್ಲೇ ಹೊಲಿಯತೊಡಗಿದರು. ಪಾಪ, ಆಕೆ ಇನ್ನೂರು ಜನರೆದುರು ಒಂದು ಕೈ ಎತ್ತಿಕೊಂಡು ನಿಂತೇ ಇದ್ದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ದೊಡ್ಡಮ್ಮನ ಮಟ್ಟಿಗೆ ಅದು ಪ್ರೀತಿ. ಬೀಗಿತಿಯ ಪಾಲಿಗೆ ಮರ್ಯಾದೆ ಮಣ್ಣುಪಾಲಾದ ದಿನ.

ಅಂದಿನಿಂದ ಬೀಗಿತಿ ಮಗ ಸೊಸೆಯ ಮನೆಗೆ ಕಾಲಿಡಲಿಲ್ಲ. ಸೊಸೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ದೊಡ್ಡಮ್ಮ ನೇರ ಮಾತಾಡೋಣವೆಂದರೆ ಅವರ ಭಾಷೆ ಇವರಿಗೆ ಬಾರದು, ಇವರದು ಅವರಿಗೆ ಬಾರದು. ನಡುವೆ ಇದ್ದವನು ಅಳಿಯ. ಆತ ಎರಡೂ ಕಡೆ ಬೆಣ್ಣೆ ಸವರುವುದರಲ್ಲಿ ನಿಸ್ಸೀಮ. "ಅಮ್ಮ ನಿಮ್ಮನ್ನ ತುಂಬಾ ಕೇಳಿದ್ರು ಅತ್ತೆ" ಎಂದು ಇಲ್ಲಿ, "ಅತ್ತೆ ನಿನ್ನನ್ನ ತುಂಬಾ ಕೇಳಿದ್ರಮ್ಮ" ಎಂದು ಅಲ್ಲಿ. ಮಗಳ ಬಾಯಿಂದ ಇದು ದೊಡ್ಡಮ್ಮನಿಗೂ ತಿಳಿದಿತ್ತು. ಅಷ್ಟರಲ್ಲಿ ಮಗಳು ಬಸುರಿಯಾದಳು. ಒಂದು ದಿನ ತಾಯಿಯ ಮುಂದೆ ಕೂತು ಅತ್ತುಬಿಟ್ಟಳು: "ಮಗು ಹುಟ್ಟಿದ್ರೂ ಅವರು ಬರಲ್ವೇನಮ್ಮಾ?"

ಬೀಗಿತಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು, ತಕ್ಕಮಟ್ಟಿಗೆ ಇಂಗ್ಲಿಷ್ ಓದಬಲ್ಲರು. ಅದೊಂದೇ ದಾರಿ ಎಂದು ದೊಡ್ಡಮ್ಮ ಐವತ್ತು ದಾಟಿದ ಮೇಲೆ, ಬೇಕರಿಯ ಮಹಡಿಯಲ್ಲಿ ನಡೆಯುವ ಸಂಜೆ ಕ್ಲಾಸಿಗೆ ಸೇರಿದರು. ಅಲ್ಲಿ ಮಿಕ್ಕವರೆಲ್ಲ ಕೆಲಸ ಹುಡುಕುವವರು. ಮೇಷ್ಟ್ರು ಜೀವಮಾನವೆಲ್ಲ ಕಚೇರಿಯಲ್ಲಿ ಕಳೆದವರು, ಅರ್ಜಿ ಬಿಟ್ಟು ಬೇರೆ ಕಲಿಸಿದವರಲ್ಲ. ಹೀಗಾಗಿ ದೊಡ್ಡಮ್ಮ ಕಲಿತದ್ದೂ ಅರ್ಜಿಯೇ. ಬರೆದರು, ಅಂಚೆಗೂ ಹಾಕಿಬಿಟ್ಟರು: "ರೆಸ್ಪೆಕ್ಟೆಡ್ ಮೇಡಂ, ವಿಷಯ: ತಮ್ಮ ಉಡುಪಿನ ತೋಳು ಹರಿದಿದ್ದರ ಕುರಿತು." ಕೊನೆಗೆ, ಆದಷ್ಟು ಬೇಗ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರಿಕೆ.

ವಾರ ಕಳೆಯುವುದರೊಳಗೆ ಅಳಿಯನ ಫೋನ್ ಬಂತು. ಈ ಸಲ ಬೆಣ್ಣೆ ಖಾಲಿಯಾಗಿತ್ತು. "ಅತ್ತೆ, ನೀವು ಲಾಯರ್ ಇಟ್ಟಿದ್ದೀರಾ ಅಂತ ಅಮ್ಮ ಕೇಳ್ತಿದ್ದಾರೆ!"

ದೊಡ್ಡಮ್ಮ ಕೆಂಡವಾಗಿ ಮಹಡಿ ಹತ್ತಿದರು. ಕಾಗದದ ನಕಲು ಓದಿದ ಮೇಷ್ಟ್ರು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. "ಅಲ್ಲಮ್ಮಾ, ಬೀಗರಿಗೆ ಯಾರಾದ್ರೂ ವಿಷಯ ಅಂತ ಹಾಕ್ತಾರಾ?"

"ವಿಷಯ ಹಾಕ್ದಿದ್ರೆ ಕಾಗದ ಕಸದಬುಟ್ಟಿಗೆ ಹೋಗುತ್ತೆ ಅಂದೋರು ನೀವೇ ತಾನೆ?"

ಮೇಷ್ಟ್ರ ನಗು ನಿಂತಿತು. "ಅದು ಸಾಹೇಬರಿಗೆ. ತಮ್ಮೋರಿಗೆ ಬರೆಯೋವಾಗ ಅವರು ಎದುರಿಗೇ ಕೂತಿದ್ದಾರೆ ಅಂದ್ಕೊಂಡು ಬರೀಬೇಕು. ಇದನ್ನ ಮೊದಲೇ ಹೇಳ್ಬೇಕಿತ್ತು ನಾನು."

ಎದುರಿಗೆ ಕೂರಲು ಸಿಕ್ಕಿದವಳು ನಾನು. ಒಂದು ಕುರ್ತಾ ಸಡಿಲ ಮಾಡಿಸಲು ಹೋದವಳನ್ನು ಗಿರಾಕಿಗಳ ಸ್ಟೂಲಿನ ಮೇಲೆ ಕೂರಿಸಿ, "ನೀನೀಗ ನನ್ನ ಬೀಗಿತಿ ಕಣೇ. ಮುಖ ಗಂಟು ಹಾಕ್ಕೋ" ಎಂದರು. ಹಾಕಿಕೊಂಡೆ. ಮಷಿನ್ ಹೊಲಿಗೆ ಹಾಕುವ ಮೊದಲು ಬಟ್ಟೆಗೆ ಬಿಚ್ಚಬಹುದಾದ ಕಚ್ಚಾ ಹೊಲಿಗೆ ಹಾಕಿ ಮೈಮೇಲಿಟ್ಟು ನೋಡುವುದು ಅವರ ಪದ್ಧತಿ. ಕಾಗದಕ್ಕೂ ಹಾಗೇ ಮಾಡಿದರು. ಒಂದು ಸಾಲು ಹೇಳುವುದು, ನನ್ನ ಮುಖ ನೋಡುವುದು, ಬಿಚ್ಚುವುದು. ತೋಳು ಹೇಗೆ ಬಿಟ್ಟಿತ್ತು, ತಾವು ಎಷ್ಟು ಸಣ್ಣ ಹೊಲಿಗೆ ಹಾಕಿದೆವು, ಇವತ್ತಿಗೂ ಅದು ಗಟ್ಟಿಯಾಗಿರುತ್ತದೆ ಎಂದೆಲ್ಲ ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದರು.

"ದೊಡ್ಡಮ್ಮ, ನನ್ನ ಸಿಟ್ಟು ಇಳೀಲಿಲ್ಲ," ಎಂದೆ. "ಇನ್ನೂ ಹೊಲಿಗೆ ಬಗ್ಗೇನೇ ಹೇಳ್ತಿದ್ದೀರಿ. ನನ್ನ ಬಗ್ಗೆ ಏನೂ ಹೇಳ್ಲಿಲ್ಲ."

ಅವರು ಮಷಿನ್ನಿನ ಮೇಲಿದ್ದ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಪೆನ್ನು ತೆಗೆದುಕೊಂಡು, ನನ್ನನ್ನು ಕೇಳದೆಯೇ ಬರೆದರು. ನನಗೆ ನೆನಪಿರುವಂತೆ ಇಷ್ಟು:

"ಆವತ್ತು ನನಗೆ ತೋಳು ಕಾಣಿಸಿತು, ನಿಮ್ಮ ಮುಖ ಕಾಣಿಸಲಿಲ್ಲ. ಜನ ನಕ್ಕರು, ನಿಮಗೆ ನಾಚಿಕೆಯಾಯಿತು, ತಪ್ಪು ನನ್ನದು. ನಾನು ನಿಮ್ಮನ್ನು ಕೇಳಿದೆ ಎಂದು ನಿಮ್ಮ ಮಗ ಹೇಳುತ್ತಿದ್ದದ್ದು ಸುಳ್ಳು. ನಾನು ಕೇಳಲಿಲ್ಲ, ನನಗೆ ಭಯವಿತ್ತು. ನನ್ನ ಮಗಳು ನಿಮಗಾಗಿ ಅಳುತ್ತಾಳೆ. ಮಗುವಿಗೆ ಇಬ್ಬರು ಅಜ್ಜಿಯರು ಬೇಕು. ಬನ್ನಿ."

ಉತ್ತರ ಬರುವವರೆಗೆ ಅಂಗಡಿಯಲ್ಲಿ ಯಾವ ಬಟ್ಟೆಯೂ ಹೇಳಿದ ದಿನಕ್ಕೆ ಸಿಗಲಿಲ್ಲ. ಕೊನೆಗೂ ಬಂತು. ಬೀಗಿತಿಯ ಇಂಗ್ಲಿಷೂ ದೊಡ್ಡಮ್ಮನದರಷ್ಟೇ ಕುಂಟುತ್ತಿತ್ತು. "ನಾನೂ ನಿಮ್ಮನ್ನು ಕೇಳಿರಲಿಲ್ಲ, ನನಗೆ ಸಿಟ್ಟಿತ್ತು. ಮಗ ಇಬ್ಬರಿಗೂ ಸುಳ್ಳು ಹೇಳಿದ. ನೀವೊಬ್ಬರೇ ನಿಜ ಹೇಳಿದ್ದು. ಬನ್ನಿ ಎಂದು ಇದುವರೆಗೆ ಯಾರೂ ಕರೆದಿರಲಿಲ್ಲ." ಬರುತ್ತೇನೆಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ದೊಡ್ಡಮ್ಮ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

ಮತ್ತೆರಡು ವಾರಕ್ಕೆ, ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದಾಗ ಫೋನ್ ಬಂತು. ಅಳಿಯನ ದನಿ ಸ್ಪೀಕರಿನಲ್ಲಿ ನಮಗೆಲ್ಲ ಕೇಳಿಸಿತು. "ಅತ್ತೆ, ಅಮ್ಮ ಬಂದ್ಬಿಟ್ರು! ಪೆಟ್ಟಿಗೆ ಸಮೇತ! ಮಗು ಹುಟ್ಟಿ ನಾಲ್ಕು ತಿಂಗಳಾಗೋವರೆಗೂ ಹೋಗಲ್ವಂತೆ! ಇವಳನ್ನ ತಬ್ಬಿಕೊಂಡು ಕೂತಿದ್ದಾರೆ. ಅದೇನು ಬರೆದ್ರಿ ನೀವು?"

ದೊಡ್ಡಮ್ಮನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ, ಬೀಗಿದರು. ಎದೆ ಸೆಟೆಸಿ ಕೂತ ಅವರನ್ನು ನೋಡಿ ನನಗೂ ಹೆಮ್ಮೆ ತಡೆಯಲಾಗಲಿಲ್ಲ.

"ನಿಮ್ಮ ಹತ್ರ ಏನೋ ಮಾತಾಡ್ಬೇಕಂತೆ ಅತ್ತೆ. ಅವರು ಹೇಳ್ಲಿ, ನಾನು ನಿಮಗೆ ತಿಳಿಸಿ ಹೇಳ್ತೀನಿ."

"ನೀವೇನೂ ತಿಳಿಸೋದು ಬೇಡ ಅಳಿಯಂದಿರೇ," ಎಂದರು ದೊಡ್ಡಮ್ಮ. "ಫೋನ್ ಅವರ ಕೈಗೆ ಕೊಟ್ಟು ನೀವು ಆಚೆ ಹೋಗಿ."